ಕೋಟಿ, ವಿಮರ್ಶೆ, ಕಮಲ: ಕಾಸರವಳ್ಳಿ ಚಿತ್ರಗಳನ್ನು ಯಾವ ಸೇರಿನಲ್ಲಿ ಅಳೆಯೋಣ?

ಕುಂದೂರು ಅಂದರೆ ಕಾಫಿ, ಕಾಳುಮೆಣಸು, ಬಿಡದ ಮಳೆ, ಈಗ ಕೆಲವು ವರ್ಷಗಳಿಂದ ಆನೆ ಕಾಟ. ಸಿನಿಮಾದ ವಿಚಾರ ಬಂದಾಗ ನಮ್ಮ ಹೋಬಳಿಯ ಹೆಸರು ಯಾರೂ ಹೇಳುವುದಿಲ್ಲ. ಆದರೆ ಸಿನಿಮಾದ ದುಡ್ಡಿನ ಲೆಕ್ಕ ಮಾತ್ರ ನಮ್ಮ ಹುಡುಗರಿಗೆ ಬಾಯಿಪಾಠ. 2022ರಲ್ಲಿ ‘ಕೆಜಿಎಫ್’ ಎರಡನೇ ಭಾಗ ಸಾವಿರ ಕೋಟಿ ದಾಟಿತು, ಅದೇ ವರ್ಷ ‘ಕಾಂತಾರ’ ನಾನೂರು ಕೋಟಿ ಮುಟ್ಟಿತು ಅಂತ ಅಂಗಡಿ ಜಗಲಿಯಲ್ಲಿ ಕೂತು ಹೇಳುತ್ತಾರೆ. ಯಾವುದು ದೊಡ್ಡ ಸಿನಿಮಾ ಅಂತ ಕೇಳಿದರೆ ಉತ್ತರ ಕೋಟಿಯಲ್ಲೇ ಬರುತ್ತದೆ.

ಸಿನಿಮಾ ನೋಡಬಹುದೇ, ಬಾರದೇ ಎಂಬ ಚರ್ಚೆಗೆ ನಾವು ಇಲ್ಲಿ ಹೋಗುವುದಿಲ್ಲ. ಅದನ್ನು ಕೇಳುವ ಜಾಗ ಬೇರೆ ಇದೆ. ಮೊಬೈಲು ಮನೆಮನೆಗೂ ಬಂದಿದೆ, ಮಕ್ಕಳು ನೋಡುತ್ತಿದ್ದಾರೆ, ನೋಡಿದ್ದನ್ನು ಅಳೆಯುತ್ತಲೂ ಇದ್ದಾರೆ. ಅಳೆಯುವ ಸೇರು ಸರಿ ಇದೆಯೇ ಎಂಬುದಷ್ಟೇ ಈ ವಾರದ ಮಾತು. ಮದ್ರಸದಲ್ಲಿ ಪಾಠ ಹೇಳುವ ನಮಗೆ ಮಾರ್ಕು ಹಾಕುವುದು, ಸಾಲು ಹಚ್ಚುವುದು ದಿನದ ಕೆಲಸ. ಹಾಗಾಗಿ ಒಬ್ಬ ನಿರ್ದೇಶಕರ ಚಿತ್ರಗಳನ್ನು ಮೂರು ಸೇರಿನಲ್ಲಿ ಅಳೆದು ನೋಡೋಣ ಅನ್ನಿಸಿತು.

ನಿರ್ದೇಶಕರು ಗಿರೀಶ್ ಕಾಸರವಳ್ಳಿ. 1950ರಲ್ಲಿ ತೀರ್ಥಹಳ್ಳಿ ತಾಲೂಕಿನ ಕೆಸಲೂರಿನಲ್ಲಿ ಹುಟ್ಟಿದವರು. ಮಣಿಪಾಲದಲ್ಲಿ ಫಾರ್ಮಸಿ ಓದಿ, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋಗಿ ಸಿನಿಮಾ ಕಲಿತವರು. 1977ರ ‘ಘಟಶ್ರಾದ್ಧ’ದಿಂದ 2020ರ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ವರೆಗೆ ಹದಿನೈದರಷ್ಟು ಕಥಾಚಿತ್ರ ಮಾಡಿದ್ದಾರೆ. ಇವರನ್ನೇ ಆರಿಸಿಕೊಳ್ಳಲು ಕಾರಣವಿದೆ. ಇವರ ಎರಡು ಚಿತ್ರಗಳಲ್ಲಿ ನಮ್ಮಂಥವರ ಮನೆಗಳಿವೆ. ಅದರಲ್ಲಿ ಒಂದರ ಕಥೆ ಹುಟ್ಟಿದ್ದು ನಮ್ಮ ಹಾಸನದಲ್ಲೇ.

ಗಲ್ಲಾಪೆಟ್ಟಿಗೆಯ ಸೇರು

ಮೊದಲು ದುಡ್ಡು. ಈ ಸೇರಿನಲ್ಲಿ ಅಳೆದರೆ ಕಾಸರವಳ್ಳಿಯವರ ಎಲ್ಲ ಚಿತ್ರಗಳೂ ತಳದಲ್ಲೇ ಉಳಿಯುತ್ತವೆ. ಅವು ಕೆಲವೇ ಥಿಯೇಟರುಗಳಲ್ಲಿ, ಕೆಲವೇ ಆಟಗಳಿಗೆ ಬಂದು ಹೋಗುವ ಚಿತ್ರಗಳು. ಜನ ಅವನ್ನು ಹೆಚ್ಚಾಗಿ ನೋಡಿದ್ದು ದೂರದರ್ಶನದಲ್ಲಿ, ಫಿಲ್ಮ್ ಸೊಸೈಟಿಗಳಲ್ಲಿ, ಚಿತ್ರೋತ್ಸವಗಳಲ್ಲಿ. ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಪ್ರಶಸ್ತಿ ಬಂದ ಪ್ರಾದೇಶಿಕ ಚಿತ್ರ ಹಾಕುತ್ತಿದ್ದ ಕಾಲ ನಮ್ಮ ವಯಸ್ಸಿನವರಿಗೆ ನೆನಪಿರುತ್ತದೆ. ಹಾಗೆ ನೋಡಿದ ಲಕ್ಷಾಂತರ ಕಣ್ಣುಗಳಿಗೆ ಟಿಕೆಟ್ಟಿಲ್ಲ, ಆದ್ದರಿಂದ ಗಲ್ಲಾಪೆಟ್ಟಿಗೆಯಲ್ಲಿ ಲೆಕ್ಕವೂ ಇಲ್ಲ.

ಇನ್ನೊಂದು ಮಾತು ನಮ್ಮ ಹುಡುಗರಿಗೆ ಗೊತ್ತಿರಲಿ. ನಾನೂರು ಕೋಟಿ, ಸಾವಿರ ಕೋಟಿ ಅನ್ನುವುದು ಟಿಕೆಟ್ ಮಾರಾಟದ ಒಟ್ಟು ಮೊತ್ತ. ಅದರಲ್ಲಿ ಜಿಎಸ್‌ಟಿ ಹೋಗಬೇಕು, ಥಿಯೇಟರಿನವರ ಪಾಲು ಹೋಗಬೇಕು, ವಿತರಕರ ಪಾಲು ಹೋಗಬೇಕು, ಸಿನಿಮಾ ಮಾಡಿದ ಖರ್ಚು ಕಳೆಯಬೇಕು. ಕಾಫಿ ಮಾರಿದ ಚೀಟಿಯಲ್ಲಿರುವ ಮೊತ್ತವನ್ನು ಯಾರಾದರೂ ಲಾಭ ಅಂತಾರೆಯೇ? ಕೂಲಿ, ಗೊಬ್ಬರ, ಬಾಡಿಗೆ, ಸಾಲದ ಬಡ್ಡಿ ಎಲ್ಲ ಕಳೆದು ಕೈಯಲ್ಲಿ ಉಳಿದದ್ದು ಲಾಭ. ಸಿನಿಮಾದಲ್ಲೂ ಹಂಗೇ. ಅಲ್ಲದೆ ನಮ್ಮ ದೇಶದಲ್ಲಿ ಸಿನಿಮಾ ಗಳಿಕೆಯನ್ನು ಸರಕಾರವೋ ಲೆಕ್ಕ ಪರಿಶೋಧಕರೋ ನೋಡಿ ಪ್ರಕಟಿಸುವ ಪದ್ಧತಿ ಇಲ್ಲ. ಹೊರಗೆ ಬರುವ ಅಂಕಿ ಹೆಚ್ಚಾಗಿ ಮಾರಿದವರ ಬಾಯಿಂದಲೇ ಬಂದದ್ದು. ತಾನೇ ಮಾರಿ ತಾನೇ ತೂಕ ಹೇಳುವ ವ್ಯಾಪಾರಿಯನ್ನು ನಾವು ಸಂತೆಯಲ್ಲಿ ಎಷ್ಟು ನಂಬುತ್ತೇವೋ, ಇದನ್ನೂ ಅಷ್ಟೇ ನಂಬಿದರೆ ಸಾಕು.

ವಿಮರ್ಶೆಯ ಸೇರು

ಎರಡನೆಯದು ಬಲ್ಲವರ ಅಭಿಪ್ರಾಯ. ಇಲ್ಲಿ ಮೊದಲ ಸ್ಥಾನ ‘ಘಟಶ್ರಾದ್ಧ’ಕ್ಕೆ. ಯು. ಆರ್. ಅನಂತಮೂರ್ತಿಯವರ ಕಥೆ. ಅಗ್ರಹಾರದ ಎಳೆಯ ವಿಧವೆ ಯಮುನಾ ಗರ್ಭಿಣಿಯಾಗುತ್ತಾಳೆ. ಊರಿನ ಹಿರಿಯರು ಅವಳು ಬದುಕಿರುವಾಗಲೇ ಅವಳಿಗೆ ಶ್ರಾದ್ಧ ಮಾಡಿ ಹೊರಗೆ ಹಾಕುತ್ತಾರೆ. ಇದೆಲ್ಲ ಅಲ್ಲಿ ವೇದ ಕಲಿಯಲು ಬಂದ ನಾಣಿ ಎಂಬ ಹುಡುಗನ ಕಣ್ಣಿನಲ್ಲಿ ನಡೆಯುತ್ತದೆ. ಈ ಚಿತ್ರ ಮಾಡುವಾಗ ಕಾಸರವಳ್ಳಿಯವರಿಗೆ ಇಪ್ಪತ್ತೇಳು ವರ್ಷವೂ ತುಂಬಿರಲಿಲ್ಲ. ಹಳೆಯ ಪ್ರಿಂಟನ್ನು ಸರಿಪಡಿಸಿ 2024ರಲ್ಲಿ ಇಟಲಿಯ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೋರಿಸಿದರು. 47 ವರ್ಷದ ಮೇಲೂ ಹುಡುಕಿ ತಂದು ತೋರಿಸುವ ಚಿತ್ರ ಎಂದರೆ ಅದಕ್ಕಿಂತ ದೊಡ್ಡ ವಿಮರ್ಶೆ ಬೇಕಿಲ್ಲ.

ಅದರ ಹಿಂದೆಯೇ ‘ತಬರನ ಕಥೆ’. ನಮ್ಮ ಪಕ್ಕದ ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರ ಕಥೆ. ನಿವೃತ್ತನಾದ ಜವಾನ ತಬರ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹೆಂಡತಿ. ತಾಲೂಕು ಕಚೇರಿಯ ಮೆಟ್ಟಿಲು ಹತ್ತಿದ ಯಾರಿಗೂ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದಾಗಿ ‘ದ್ವೀಪ’. ನಾ. ಡಿಸೋಜ ಅವರ ಕಾದಂಬರಿ. ಅಣೆಕಟ್ಟಿನ ಹಿನ್ನೀರು ಏರುತ್ತಿರುವಾಗ ಊರು ಬಿಡಲೊಲ್ಲದ ಒಂದು ಸಂಸಾರ. ನೀರಿನ ಜೊತೆ ಹೋರಾಡಿ ಮನೆ ಉಳಿಸುವವಳು ಸೊಸೆ ನಾಗಿ, ಆದರೆ ಹೆಸರು ಮಾತ್ರ ಅವಳಿಗೆ ಬರುವುದಿಲ್ಲ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಊರು ಕಳೆದುಕೊಂಡವರು ನಮ್ಮ ಆಲೂರು, ಸಕಲೇಶಪುರ ಸೀಮೆಯಲ್ಲಿ ಇಂದಿಗೂ ಇದ್ದಾರೆ. ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೆ ಕಾಣುವುದನ್ನು ಬಸ್ಸು ಮಾಡಿಕೊಂಡು ಹೋಗಿ ನೋಡುತ್ತೇವೆ. ‘ದ್ವೀಪ’ ನೋಡಿದವರು ಅಲ್ಲಿ ಬರೀ ಫೋಟೋ ಹೊಡೆದು ಬರಲಾರರು.

ಕಮಲದ ಸೇರು

ಮೂರನೆಯದು ಪ್ರಶಸ್ತಿ. ದೇಶದ ಅತ್ಯುತ್ತಮ ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣ ಕಮಲ ಸಿಗುತ್ತದೆ. ಕಾಸರವಳ್ಳಿಯವರಿಗೆ ಅದು ನಾಲ್ಕು ಸಲ ಬಂದಿದೆ: ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’. 2011ರಲ್ಲಿ ಪದ್ಮಶ್ರೀಯೂ ಬಂತು.

ಆದರೆ ಇಲ್ಲಿ ಒಂದು ಸ್ವಾರಸ್ಯ ಇದೆ. ಪ್ರಶಸ್ತಿಗಳನ್ನು ಎಣಿಸಬೇಕೋ, ತೂಗಬೇಕೋ? ‘ತಾಯಿ ಸಾಹೇಬ’ ಸ್ವರ್ಣ ಕಮಲದ ಜೊತೆಗೆ ಕಲಾ ನಿರ್ದೇಶನ, ವಸ್ತ್ರವಿನ್ಯಾಸದ ಪ್ರಶಸ್ತಿಗಳನ್ನೂ, ಜಯಮಾಲಾ ಅವರ ನಟನೆಗೆ ವಿಶೇಷ ಮನ್ನಣೆಯನ್ನೂ ತಂದಿತು. ‘ಘಟಶ್ರಾದ್ಧ’ಕ್ಕೆ ಕಮಲದ ಜೊತೆ ಸಂಗೀತಕ್ಕೆ ಬಿ. ವಿ. ಕಾರಂತರಿಗೂ, ಬಾಲನಟನಿಗೂ ಪ್ರಶಸ್ತಿ. ‘ತಬರನ ಕಥೆ’ಗೆ ಕಮಲ, ತಬರನಾಗಿದ್ದ ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ. ‘ದ್ವೀಪ’ಕ್ಕೆ ಕಮಲ, ಛಾಯಾಗ್ರಹಣಕ್ಕೆ ಎಚ್. ಎಂ. ರಾಮಚಂದ್ರ ಅವರಿಗೆ ಪ್ರಶಸ್ತಿ. ಇನ್ನು 2004ರ ‘ಹಸೀನಾ’ ನೋಡಿ. ಅದಕ್ಕೆ ಸ್ವರ್ಣ ಕಮಲ ಬರಲಿಲ್ಲ. ಆದರೆ ಕುಟುಂಬ ಕಲ್ಯಾಣದ ಅತ್ಯುತ್ತಮ ಚಿತ್ರ, ತಾರಾ ಅವರಿಗೆ ಅತ್ಯುತ್ತಮ ನಟಿ, ವಸ್ತ್ರವಿನ್ಯಾಸ ಎಂದು ಮೂರು ಬಂದವು. ಎಣಿಸಿದರೆ ‘ಹಸೀನಾ’ ‘ದ್ವೀಪ’ಕ್ಕಿಂತ ಮೇಲೆ, ತೂಗಿದರೆ ಕೆಳಗೆ. ಒಂದೇ ಸೇರು, ಎರಡು ಉತ್ತರ.

ನಮ್ಮ ಭಾಷೆಗೂ ಕಮಲ ಬಂದ ವಿಷಯ ಇಲ್ಲಿ ಹೇಳಬೇಕು. 2012ರಲ್ಲಿ ಪ್ರಕಟವಾದ 59ನೇ ರಾಷ್ಟ್ರಪ್ರಶಸ್ತಿಯಲ್ಲಿ ಸುವೀರನ್ ನಿರ್ದೇಶಿಸಿದ ‘ಬ್ಯಾರಿ’ ಚಿತ್ರವು ಮರಾಠಿಯ ‘ದೇವೂಳ್’ ಜೊತೆ ಸ್ವರ್ಣ ಕಮಲ ಹಂಚಿಕೊಂಡಿತು. ಅದೇ ಸಲ ಕಾಸರವಳ್ಳಿಯವರ ‘ಕೂರ್ಮಾವತಾರ’ ಕನ್ನಡದ ಅತ್ಯುತ್ತಮ ಚಿತ್ರವಾಯಿತು. ಬ್ಯಾರಿ ಬಾಸೆಗೆ ದಿಲ್ಲಿಯಲ್ಲಿ ಕಮಲ ಸಿಕ್ಕಿದ್ದಕ್ಕೆ ನಾವೆಲ್ಲ ಹಿಗ್ಗಿದೆವು. ತಲಾಖಿನಿಂದ ಬದುಕು ಹಾಳಾದ ಹೆಣ್ಣಿನ ಆ ಕಥೆಯ ಬಗ್ಗೆ ಎಷ್ಟು ಮನೆಗಳಲ್ಲಿ ಕೂತು ಮಾತಾಡಿದೆವು ಎಂಬುದನ್ನು ಓದುಗರೇ ನೆನಪು ಮಾಡಿಕೊಳ್ಳಲಿ.

ನಮ್ಮ ಮನೆ ತೆರೆಯ ಮೇಲೆ ಬಂದಾಗ

ಈಗ ಆ ಎರಡು ಚಿತ್ರಗಳು. ‘ಹಸೀನಾ’ದ ಮೂಲ ಹಾಸನದ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಎಂಬ ಕಥೆ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ ಹೆಂಗಸು. ಕೈಯಲ್ಲಿ ಕಾಯಿಲೆಯ ಮಗು. ಜೀವನಾಂಶ ಕೊಡಿಸಿ ಎಂದು ಅರ್ಜಿ ಹಿಡಿದು ಮುತವಲ್ಲಿಯ ಬಳಿ ಹೋಗುತ್ತಾಳೆ. ಇವತ್ತು, ನಾಳೆ ಎನ್ನುತ್ತಾರೆ. ಕೊನೆಗೆ ಮಕ್ಕಳನ್ನು ಕರೆದುಕೊಂಡು ಮಸೀದಿಯ ಮುಂದೆಯೇ ಬಂದು ಕೂರುತ್ತಾಳೆ.

‘ಗುಲಾಬಿ ಟಾಕೀಸು’ 2008ರದ್ದು, ವೈದೇಹಿ ಅವರ ಕಥೆಯಿಂದ ಹುಟ್ಟಿದ್ದು. ಕುಂದಾಪುರ ಕಡೆಯ ಮೀನುಗಾರರ ಕುದ್ರುವಿನಲ್ಲಿ ಒಬ್ಬಳೇ ಇರುವ ಸೂಲಗಿತ್ತಿ ಗುಲಾಬಿ. ಗಂಡ ಮೂಸ ಬೇರೆ ಸಂಸಾರ ಮಾಡಿಕೊಂಡಿದ್ದಾನೆ. ಹೆರಿಗೆ ಮಾಡಿಸಿದ್ದಕ್ಕೆ ಅವಳ ಗುಡಿಸಲಿಗೆ ಒಂದು ಟಿ.ವಿ. ಬರುತ್ತದೆ, ಕೇರಿಯ ಹೆಂಗಸರು ಅವಳ ಮನೆಯಲ್ಲಿ ಸೇರತೊಡಗುತ್ತಾರೆ. ಕಾರ್ಗಿಲ್ ಯುದ್ಧದ ಕಾಲ. ಸಣ್ಣ ದೋಣಿಯವರಿಗೂ ದೊಡ್ಡ ಬೋಟಿನವರಿಗೂ ಜಗಳ ಬೇರೆ. ನೋಡುನೋಡುತ್ತ ಆ ಜಗಳಕ್ಕೆ ಧರ್ಮದ ಬಣ್ಣ ಬರುತ್ತದೆ. ಎಲ್ಲರ ಮಕ್ಕಳನ್ನೂ ಕೈಯಲ್ಲಿ ಹಿಡಿದವಳು ಕೊನೆಗೆ ಊರು ಬಿಡಬೇಕಾಗುತ್ತದೆ. ಗುಲಾಬಿಯಾದ ಉಮಾಶ್ರೀ ಅವರಿಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು.

‘ಗುಲಾಬಿ ಟಾಕೀಸು’ ನಮ್ಮವರಿಗೆ ಸುಲಭವಾಗಿ ಹಿಡಿಸುತ್ತದೆ. ಅಲ್ಲಿ ಅನ್ಯಾಯ ಹೊರಗಿನಿಂದ ಬರುತ್ತದೆ, ನೊಂದವಳು ನಮ್ಮವಳು. ‘ಹಸೀನಾ’ ಅಷ್ಟು ಸುಲಭವಲ್ಲ. ಅಲ್ಲಿ ಅನ್ಯಾಯ ಜಮಾಅತಿನ ಅಂಗಳದಲ್ಲೇ ನಡೆಯುತ್ತದೆ. ಆದ್ದರಿಂದ ‘ನಮ್ಮ ಮಾನ ಕಳೆಯಲು ಮಾಡಿದ ಸಿನಿಮಾ’ ಎಂದು ಒಂದೇ ಮಾತಿನಲ್ಲಿ ಸೊನ್ನೆ ಹಾಕಿ ಕೂರಿಸುವುದು ಸಲೀಸು.

ಹಾಗೆ ಸೊನ್ನೆ ಹಾಕುವ ಮುಂಚೆ ಎರಡು ಸಂಗತಿ ನೋಡಬೇಕು. ಒಂದು, ಈ ನಿರ್ದೇಶಕರು ಮೊದಲು ಬೆರಳು ತೋರಿಸಿದ್ದು ತಮ್ಮ ಮನೆಯ ಕಡೆಗೇ. ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದವರು 1977ರಲ್ಲಿ ಅಗ್ರಹಾರದ ಹಿರಿಯರು ಯಮುನಾಗೆ ಮಾಡಿದ್ದನ್ನು ಮುಚ್ಚುಮರೆ ಇಲ್ಲದೆ ತೋರಿಸಿದರು. 27 ವರ್ಷದ ನಂತರ ಮಸೀದಿಯ ಅಂಗಳಕ್ಕೆ ಬಂದರು. ಎರಡೂ ಕಡೆ ಕೇಳಿದ ಪ್ರಶ್ನೆ ಒಂದೇ: ಹಿರಿಯರ ಮುಂದೆ ಒಂಟಿ ಹೆಂಗಸು ನಿಂತಾಗ ಅವಳಿಗೆ ಏನು ಸಿಕ್ಕಿತು? ಎರಡು, ‘ಹಸೀನಾ’ದ ಕಥೆ ಬರೆದವರು ನಮ್ಮವರೇ, ನಮ್ಮ ಜಿಲ್ಲೆಯವರೇ, ವಕೀಲೆಯಾಗಿ ಇಂಥ ಹೆಂಗಸರ ಅರ್ಜಿ ಓದಿದವರು. 2025ರಲ್ಲಿ ಬಾನು ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದ ಮೂಲಕ, ಅಂತಾರಾಷ್ಟ್ರೀಯ ಬೂಕರ್ ಬಂದಾಗ ಇಡೀ ಜಿಲ್ಲೆ ಸಂಭ್ರಮಿಸಿತು. ಆ ಪುಸ್ತಕದ ಹನ್ನೆರಡು ಕಥೆಗಳಲ್ಲಿ ‘ಕರಿ ನಾಗರಗಳು’ ಕೂಡ ಒಂದು. ಬೂಕರಿಗೆ ಚಪ್ಪಾಳೆ ಹೊಡೆದು, ಅದೇ ಕಥೆಯ ಸಿನಿಮಾಕ್ಕೆ ಸೊನ್ನೆ ಕೊಡುವುದು ಯಾವ ನ್ಯಾಯ?

ಇನ್ನು ನಾವು ಪಾಠ ಹೇಳುವ ವಿಷಯಕ್ಕೇ ಬಂದರೆ, ಮಕ್ಕಳ ನಫಖ, ಅಂದರೆ ಅನ್ನ ಬಟ್ಟೆಯ ಖರ್ಚು, ತಂದೆಯ ಮೇಲಿನ ಕಡ್ಡಾಯ. ಇದರಲ್ಲಿ ಎರಡು ಮಾತಿಲ್ಲ. ಹಸೀನಾ ಬೇಡಿದ್ದು ದಾನವನ್ನಲ್ಲ, ಹಕ್ಕನ್ನು. ಅಳತೆಯಲ್ಲಿ ಮೋಸ ಮಾಡುವವರ ಮೇಲೆ ಕುರ್‌ಆನಿನಲ್ಲಿ ಒಂದು ಸೂರಾವೇ ಇದೆ, ಅದರ ಹೆಸರೇ ಅಲ್‌ ಮುತಫ್ಫಿಫೀನ್. ಅದನ್ನು ಅಕ್ಕಿ, ಮೆಣಸಿನ ತಕ್ಕಡಿಗೆ ಮಾತ್ರ ಅಂತ ಓದಿಕೊಳ್ಳಬಾರದು.

ನಮ್ಮ ಪಟ್ಟಿ

ಮೂರು ಸೇರು, ಮೂರು ಪಟ್ಟಿ. ದುಡ್ಡಿನಲ್ಲಿ ಎಲ್ಲವೂ ಕೆಳಗೆ, ವಿಮರ್ಶೆಯಲ್ಲಿ ‘ಘಟಶ್ರಾದ್ಧ’ ಮೇಲೆ, ಪ್ರಶಸ್ತಿಯಲ್ಲಿ ‘ತಾಯಿ ಸಾಹೇಬ’ ಮೇಲೆ. ಬ್ಯಾರಿ ಮನೆಗಳಿಗೆ ಅಂತ ನಮ್ಮನ್ನು ಕೇಳಿದರೆ ಸಾಲು ಬೇರೆ ಆಗುತ್ತದೆ. ಮೊದಲು ‘ಹಸೀನಾ’, ಯಾಕೆಂದರೆ ಅದು ನಮ್ಮಿಂದ ಆಗಬೇಕಾದ ಕೆಲಸ ತೋರಿಸುತ್ತದೆ. ಆಮೇಲೆ ‘ಗುಲಾಬಿ ಟಾಕೀಸು’, ನೆರೆಹೊರೆ ಕೆಡುವುದು ಹೇಗೆಂದು ತಿಳಿಯಲು. ಮೂರನೆಯದು ‘ಘಟಶ್ರಾದ್ಧ’, ಬೇರೆಯವರ ಮನೆಯಲ್ಲೂ ಇದೇ ನೋವಿತ್ತು ಎಂದು ಅರಿಯಲು. ನಾಲ್ಕನೆಯದು ‘ತಬರನ ಕಥೆ’, ಐದನೆಯದು ‘ದ್ವೀಪ’. ಇವೆರಡು ಈ ಗುಡ್ಡದ ಸೀಮೆಯ ಎಲ್ಲ ಜಾತಿಯವರ ಕಥೆ.

‘ಹಸೀನಾ’ವನ್ನು ಹುಡುಗರು ಒಬ್ಬರೇ ಮೊಬೈಲಿನಲ್ಲಿ ನೋಡುವುದಕ್ಕಿಂತ ಉಮ್ಮ, ಬಾಪ, ಮಕ್ಕಳು ಒಟ್ಟಿಗೆ ಕೂತು ನೋಡುವುದು ಲೇಸು. ಜಮಾಅತ್ ಕಮಿಟಿಯವರೂ ನೋಡಲಿ. ನೋಡಿದ ಮೇಲೆ ಅರ್ಜಿಯ ಪುಸ್ತಕ ಒಮ್ಮೆ ತೆಗೆಯಲಿ. ಗಂಡ ಬಿಟ್ಟುಹೋದ ಹೆಂಗಸಿನ ಅರ್ಜಿ ಯಾವ ತಾರೀಖಿಗೆ ಬಂತು, ಯಾವ ತಾರೀಖಿಗೆ ಕರೆದು ಮಾತಾಡಿದರು, ಮಕ್ಕಳ ಖರ್ಚು ಯಾವ ತಿಂಗಳಿಂದ ಶುರುವಾಯಿತು ಅಂತ ಪಕ್ಕದಲ್ಲಿ ಬರೆಯಲಿ. ಅಂಥ ಪುಸ್ತಕವೇ ಇಲ್ಲದ ಜಮಾಅತ್ ಬರುವ ಜುಮಾದೊಳಗೆ ಒಂದು ನೋಟ್‌ಬುಕ್ ತಂದಿಡಲಿ.