ಚರ್ಚೆ ಹಿಂದಿನ ದಿನವೇ ಶುರುವಾಗಬೇಕು

ಶಾಲೆಯಲ್ಲಿ ಚರ್ಚೆ ಎಂದ ಕೂಡಲೇ ಎಲ್ಲರಿಗೂ ಚರ್ಚಾಸ್ಪರ್ಧೆ ನೆನಪಾಗುತ್ತದೆ. ಪರ, ವಿರೋಧ ಎಂದು ಮೊದಲೇ ಹಂಚಿಕೆ, ಬಾಯಿಪಾಠದ ಭಾಷಣ, ಬಹುಮಾನ. ಪ್ರತಿಭಾ ಕಾರಂಜಿಗೆ ಮಕ್ಕಳನ್ನು ತಯಾರು ಮಾಡುವ ಕೆಲಸ ನನಗೂ ಇಷ್ಟವೇ. ಆದರೆ ಅಲ್ಲಿ ಎದುರಿನವರ ಮಾತು ಕೇಳಿ ‘ಹೌದಲ್ವಾ’ ಅಂದ ಹುಡುಗಿ ಸೋಲುತ್ತಾಳೆ. ತರಗತಿಯ ಚರ್ಚೆಗೆ ನನಗೆ ಬೇಕಾದವಳು ಅವಳೇ.

ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನಾನು ಇದಕ್ಕೆ ನೆಚ್ಚಿಕೊಂಡಿರುವುದು ದುರ್ಗಸಿಂಹನ ‘ವೃಕ್ಷಸಾಕ್ಷಿ’ಯನ್ನು. 11ನೇ ಶತಮಾನದ ‘ಕರ್ಣಾಟಕ ಪಂಚತಂತ್ರ’ದ ಕಥೆ. ಹೂತಿಟ್ಟ ಹೊನ್ನನ್ನು ತಾನೇ ಕದ್ದ ದುಷ್ಟಬುದ್ಧಿ ಗೆಳೆಯ ಧರ್ಮಬುದ್ಧಿಯ ಮೇಲೆ ಕಳವು ಹೊರಿಸಿ, ಮರವೇ ಸಾಕ್ಷಿ ಎನ್ನುತ್ತಾನೆ. ಮರದ ಪೊಟರೆಯಲ್ಲಿ ತನ್ನ ತಂದೆಯನ್ನೇ ಕೂರಿಸಿ ಮಾತಾಡಿಸುತ್ತಾನೆ. ಧರ್ಮಬುದ್ಧಿ ಪೊಟರೆಗೆ ಬೆಂಕಿ ಹಾಕುತ್ತಾನೆ, ತಂದೆ ಸಾಯುತ್ತಾನೆ. ‘ಕಥೆಯ ನೀತಿ ಏನು?’ ಎಂದು ಕೇಳಿದರೆ ಗೈಡಿನ ಉತ್ತರ ಒಕ್ಕೊರಲಿನಿಂದ ಬರುತ್ತದೆ, ಅಲ್ಲಿಗೆ ಮುಗಿಯಿತು. ‘ಧರ್ಮಬುದ್ಧಿ ಬೆಂಕಿ ಹಾಕಿದ್ದು ಸರಿಯೇ?’ ಎಂದು ಕೇಳಿದರೆ ಯಾವ ಗೈಡೂ ನೆರವಿಗೆ ಬರುವುದಿಲ್ಲ.

ಈ ಪ್ರಶ್ನೆಯನ್ನು ನಾನು ಹಿಂದಿನ ದಿನವೇ ಕೊಡುತ್ತೇನೆ. ನಿನ್ನ ಅಭಿಪ್ರಾಯ ಒಂದು ಚೀಟಿಯಲ್ಲಿ ಎರಡು ಸಾಲು ಬರೆ, ಅದಕ್ಕೆ ಆಧಾರವಾದ ಸಾಲಿನ ಕೆಳಗೆ ಗೆರೆ ಎಳೆ, ನಿನಗೇ ಉತ್ತರ ಹೊಳೆಯದ ಒಂದು ಪ್ರಶ್ನೆ ತಾ. ಮಾತುಗಾರ ಮಕ್ಕಳಿಗೆ ಇದೆಲ್ಲ ಇಲ್ಲದಿದ್ದರೂ ನಡೆದೀತು. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುವವರಿಗೆ ಆ ಚೀಟಿಯೇ ಧೈರ್ಯ. ಮರುದಿನ ಅವರು ಮೊದಲು ಪಕ್ಕದವರ ಹತ್ತಿರ ಮಾತಾಡುತ್ತಾರೆ, ಆಮೇಲೆ ಎಲ್ಲರೆದುರು.

“ಮೇಡಂ, ಅಪ್ಪ ಮೊದಲು ಬೇಡ ಅಂದಿದ್ದ. ಮಗನಿಗೋಸ್ಕರ ಒಪ್ಕೊಂಡಿದ್ದು ತಪ್ಪು, ಆದ್ರೆ ಸಾಯೋವಷ್ಟು ತಪ್ಪಾ?” ಎಂದು ಒಬ್ಬಳು ಕೇಳಿದಳು. “ಒಳಗೆ ಮನುಷ್ಯ ಇದಾನೆ ಅಂತ ಧರ್ಮಬುದ್ಧಿಗೆ ಗೊತ್ತಿತ್ತಾ?” ಎಂದ ಇನ್ನೊಬ್ಬ. ‘ಎಲ್ಲಿದೆ, ತೋರಿಸು’ ಎಂದೆ. ಹಳಗನ್ನಡವೆಂದರೆ ಪುಸ್ತಕ ಮುಚ್ಚುತ್ತಿದ್ದ ಮಕ್ಕಳು ಪದಪದವನ್ನೂ ಬೆರಳಿಟ್ಟು ಓದತೊಡಗಿದರು. ಅರ್ಥ ಹೇಳಿಕೊಟ್ಟು ಇಂಥ ಓದನ್ನು ತರಿಸಲು ನನ್ನಿಂದಾಗುವುದಿಲ್ಲ.

ಶಿಕ್ಷಕರಿಗೂ ತಯಾರಿ ಬೇಕು, ಮುಖ್ಯವಾಗಿ ಸುಮ್ಮನಿರುವುದಕ್ಕೆ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಎಂಬುದನ್ನು ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಬಾಯಿಬಿಡುವ ಮಕ್ಕಳೂ ಹೆಚ್ಚುತ್ತಾರೆ. ಆ ಮೂರು ಸೆಕೆಂಡು ಎಷ್ಟು ದೀರ್ಘ ಎಂಬುದು ಬೋರ್ಡಿನ ಮುಂದೆ ನಿಂತವರಿಗೇ ಗೊತ್ತು.

ಹನ್ನೆರಡು ಮಕ್ಕಳು ಒಂದು ಮೇಜಿನ ಸುತ್ತ ಕೂತು ಕಲಿಯುವ ಶಾಲೆಗಳೂ ಜಗತ್ತಿನಲ್ಲಿವೆ. ನಮ್ಮಲ್ಲಿ ಬೆಂಚು ಸರಿಸಲೂ ಜಾಗವಿಲ್ಲ. ಹಾಗಾಗಿ ವರಾಂಡದಲ್ಲಿ ಎರಡು ಸುತ್ತು ಕೂರಿಸುತ್ತೇನೆ. ಒಳಗಿನವರು ಮಾತಾಡುತ್ತಾರೆ, ಹೊರಗಿನವರು ತಮ್ಮ ಪಾಲಿನ ಒಬ್ಬ ಗೆಳೆಯನ ಮಾತನ್ನಷ್ಟೇ ಗಮನಿಸಿ ಬರೆದುಕೊಳ್ಳುತ್ತಾರೆ, ಅರ್ಧ ಪೀರಿಯಡ್ ಆದ ಮೇಲೆ ಅದಲು ಬದಲು. ಕಟ್ಟುನಿಟ್ಟಿನ ನಿಯಮ ಒಂದೇ: ಒಪ್ಪದಿದ್ದರೆ, ಮೊದಲು ಅವರ ಮಾತನ್ನು ಅವರೇ ‘ಹೌದು, ಅದನ್ನೇ ಹೇಳಿದ್ದು’ ಅನ್ನುವ ಹಾಗೆ ಹೇಳಬೇಕು.

ಎಸ್ಸೆಸ್ಸೆಲ್ಸಿಗೆ ಪೋರ್ಷನ್ ಮುಗಿಯುವುದು ಹೇಗೆ ಎಂದು ಪೋಷಕರು ಕೇಳುತ್ತಾರೆ. ಎಲ್ಲ ಪಾಠಕ್ಕೂ ಇದು ಬೇಕಿಲ್ಲ. ವರ್ಷಕ್ಕೆ ನಾಲ್ಕೈದು ಪಾಠಕ್ಕೆ ಮಾಡಿದರೂ ಸಾಕು. ಕೊನೆಯಲ್ಲಿ ಮಕ್ಕಳು ಹಿಂದಿನ ದಿನದ ಚೀಟಿಯಲ್ಲೇ ಮತ್ತೆ ಎರಡು ಸಾಲು ಬರೆಯುತ್ತಾರೆ. ಅಭಿಪ್ರಾಯ ಬದಲಾಗಲೇಬೇಕೆಂದಿಲ್ಲ. ಯಾರ ಮಾತಿಗೆ ತಾವು ಯೋಚನೆಗೆ ಬಿದ್ದರು ಎಂದು ಹೆಸರು ಬರೆಯಬೇಕು, ಅಷ್ಟೆ.