ದಲ್ಲಾಳಿಯ ಧರ್ಮ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ಹಿರಿಯರ ಅನುಭವದ ನುಡಿ. ಈ ಕಾಲದಲ್ಲಿ ಕಟ್ಟುವ ಕಷ್ಟಕ್ಕಿಂತ ಕೊಳ್ಳುವ ಕಷ್ಟವೇ ಹಿರಿದೆನ್ನಬೇಕು. ಇಪ್ಪತ್ತು ಮೂವತ್ತು ವರ್ಷಗಳ ಉಳಿತಾಯ, ಗೃಹಿಣಿಯ ಒಡವೆ, ಬ್ಯಾಂಕಿನ ಸಾಲ ಇವೆಲ್ಲವೂ ಒಂದು ದಿನದ ರುಜುವಿನೊಡನೆ ಕೈಬಿಟ್ಟುಹೋಗುತ್ತವೆ. ಆ ದಿನ ಗೃಹಸ್ಥನ ಪಕ್ಕದಲ್ಲಿ ನಿಂತಿರುವವನು ದಲ್ಲಾಳಿ. ಆತನ ಕರ್ತವ್ಯವೇನೆಂಬುದನ್ನು ಇಲ್ಲಿ ವಿಚಾರಿಸೋಣ.

ದಲ್ಲಾಳಿಗೆ ಸಾಮಾನ್ಯವಾಗಿ ಪ್ರತಿಫಲ ದೊರೆಯುವುದು ವ್ಯಾಪಾರ ಕುದುರಿದರೆ ಮಾತ್ರ. ಆದುದರಿಂದ ಸುಳ್ಳಾಡಲು ಅಂಜುವ ಸಭ್ಯನಿಗೂ ಸುಮ್ಮನಿರುವ ಆಸೆ ಹುಟ್ಟುವುದುಂಟು. ಕೊಳ್ಳುವವನನ್ನು ಕೆಡಿಸಲು ಸುಳ್ಳೇ ಬೇಕಿಲ್ಲ. ಈ ಮೌನವೇ ಸಾಕು.

ಕಾಗದಪತ್ರಗಳನ್ನು ನೋಡಿಕೊಂಡರೆ ಸಾಲದೆ ಎಂದು ವಾಚಕರು ಕೇಳಬಹುದು. ಸಾಲದು. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ದೊರೆಯುವ ಋಣಭಾರ ಪತ್ರದಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ ಕಾಣುತ್ತವೆ. ಅವೂ ನಾವು ಕೇಳಿದ ವರ್ಷಗಳವು ಮಾತ್ರ. ಖಾತೆಯಾದರೋ ಕಂದಾಯಕ್ಕೆ ಹೊಣೆಯಾರೆಂಬುದನ್ನು ತಿಳಿಸುವುದೇ ಹೊರತು ಒಡೆತನವನ್ನು ಸ್ಥಾಪಿಸದು. ಪಿತ್ರಾರ್ಜಿತ ಮನೆಯನ್ನು ಅಣ್ಣತಮ್ಮಂದಿರು ಮಾರುವಾಗ, ಪರಊರಿನಲ್ಲಿರುವ ತಂಗಿಯೊಬ್ಬಳುಂಟೆಂಬ ಸಂಗತಿಯನ್ನು ಇವೆರಡೂ ಹೇಳಲಾರವು. 2005ರ ತಿದ್ದುಪಡಿಯ ಮೇರೆಗೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕುಂಟು. ನಾಳೆ ಆಕೆ ದಾವೆ ಹೂಡಿದರೆ, ಕೊಂಡವನು ತನ್ನ ಮನೆಯಲ್ಲಿಯೇ ನಿದ್ರೆಗೆಡಬೇಕಾಗುತ್ತದೆ. ಹಾಗೆಯೇ ಬೇಸಗೆಯಲ್ಲಿ ನೋಡಿ ಮೆಚ್ಚಿದ ನಿವೇಶನದ ಬದಿಯ ರಾಜಕಾಲುವೆಯು ಮಳೆಗಾಲದಲ್ಲಿ ಉಕ್ಕಿ ಅಂಗಳಕ್ಕೆ ಬರಬಹುದು. ಇಂತಹವನ್ನು ಬಲ್ಲವನು ಆ ಬೀದಿಗಳಲ್ಲಿ ವರ್ಷಗಟ್ಟಲೆ ತಿರುಗಿದ ದಲ್ಲಾಳಿ. ಬಲ್ಲವನು ಹೇಳತಕ್ಕದ್ದು; ಅವರು ಕೇಳಲಿಲ್ಲ, ನಾನು ಹೇಳಲಿಲ್ಲವೆಂಬುದು ಉತ್ತರವಲ್ಲ.

ಕಾನೂನೂ ಈ ಧರ್ಮವನ್ನು ಸ್ವಲ್ಪಮಟ್ಟಿಗೆ ಎತ್ತಿಹಿಡಿದಿದೆ. ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಲಾಗದ, ತನಗೆ ಗೊತ್ತಿರುವ ಮುಖ್ಯ ದೋಷಗಳನ್ನು ಮಾರುವವನು ತಿಳಿಸಲೇಬೇಕೆಂದು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣವು ವಿಧಿಸುತ್ತದೆ. ಮಧ್ಯವರ್ತಿಯ ವಿಷಯದಲ್ಲಿ 2016ರ ರಿಯಲ್ ಎಸ್ಟೇಟ್ ಅಧಿನಿಯಮವು ಇನ್ನೂ ಸ್ಪಷ್ಟವಾಗಿದೆ. ಹೊಸ ಬಡಾವಣೆ, ವಸತಿ ಸಮುಚ್ಚಯಗಳಂತಹ ನೋಂದಾಯಿತ ಯೋಜನೆಗಳಲ್ಲಿ ವ್ಯವಹರಿಸುವ ದಲ್ಲಾಳಿಯು ತಾನೂ ನೋಂದಾಯಿಸಿಕೊಳ್ಳಬೇಕು, ಲೆಕ್ಕಪತ್ರಗಳನ್ನಿಡಬೇಕು, ಇಲ್ಲದ ಸೌಕರ್ಯಗಳನ್ನು ಇವೆಯೆನ್ನಬಾರದು, ಕಾದಿರಿಸುವ ಸಮಯದಲ್ಲಿಯೇ ಕೊಳ್ಳುವವನಿಗೆ ಸಲ್ಲತಕ್ಕ ಮಾಹಿತಿ, ದಾಖಲೆಗಳು ಕೈಸೇರುವಂತೆ ಮಾಡಬೇಕು. ತಪ್ಪಿದರೆ, ತಪ್ಪು ಮುಂದುವರಿಯುವ ಪ್ರತಿದಿನಕ್ಕೂ 10,000 ರೂಪಾಯಿಗಳ ದಂಡವುಂಟು. ಅದು ಆ ಸ್ವತ್ತಿನ ಬೆಲೆಯ ಶೇಕಡ 5ರವರೆಗೆ ಬೆಳೆಯಬಹುದು.

ಆದರೆ ಹಳೆಯ ಮನೆಯೊಂದು ಕೈಯಿಂದ ಕೈಗೆ ಮಾರಾಟವಾಗುವಾಗ ಈ ಅಧಿನಿಯಮದ ಆಸರೆ ಸಾಮಾನ್ಯವಾಗಿ ದೊರೆಯದು. ಅಲ್ಲಿ ಗೃಹಸ್ಥನೇ ಎಚ್ಚರವಾಗಿರಬೇಕು. ಮುಂಗಡ ಕೊಡುವ ಮೊದಲೇ ದಲ್ಲಾಳಿಯನ್ನು ನೇರವಾಗಿ ಕೇಳಿರಿ: ನಿಮ್ಮ ಪ್ರತಿಫಲ ಯಾರಿಂದ, ಎಷ್ಟು? ಈ ಸ್ವತ್ತಿಗೆ ಪಾಲುದಾರರು ಯಾರು ಯಾರು? ಹಿಂದೆ ನೋಡಿದವರು ಬಿಟ್ಟುಹೋದುದೇಕೆ? ಉತ್ತರಗಳನ್ನು ಬರಹದಲ್ಲಿ ಪಡೆಯಿರಿ. ಪತ್ರಗಳನ್ನು ನೀವೇ ಆರಿಸಿದ ವಕೀಲರಿಗೆ ತೋರಿಸಿರಿ, ದಲ್ಲಾಳಿ ಕರೆತಂದವರಿಗಲ್ಲ.

ದಲ್ಲಾಳಿಯೂ ತನ್ನನ್ನು ತಾನು ಒಂದು ಪ್ರಶ್ನೆ ಕೇಳಿಕೊಳ್ಳಲಿ: ನನ್ನ ಮಗಳಿಗಾದರೆ ಈ ಮನೆಯನ್ನು ಕೊಡಿಸುತ್ತಿದ್ದೆನೆ? ಇಲ್ಲವೆಂದು ಮನಸ್ಸು ಹೇಳಿದರೆ, ಅದೇ ಮಾತನ್ನು ಎದುರಿಗಿರುವ ಗೃಹಸ್ಥನಿಗೂ ಹೇಳಿಬಿಡುವುದು ಧರ್ಮ. ಅಂದಿನ ಪ್ರತಿಫಲ ಹೋಗಬಹುದು. ಆದರೆ ಆ ಗೃಹಸ್ಥನು ಮುಂದೆ ಮನೆ ನೋಡಲು ಹೊರಟಾಗ ಮೊದಲು ಬರುವುದು ಅವನ ಬಾಗಿಲಿಗೇ.