ಒಮ್ಮೆ ಮಾತ್ರ ಮಾರಾಟವಾಗುವ ಸಾಹಸ: ಎಸ್ಕೇಪ್ ರೂಮ್ ಉದ್ದಿಮೆಯ ಒಳಹೊರಗು

ಹಣ ತೆತ್ತು ಕೋಣೆಯೊಂದನ್ನು ಪ್ರವೇಶಿಸಿ, ಒಗಟುಗಳನ್ನು ಬಿಡಿಸಿ ಹೊರಬರುವ ಆಟವು ಇಂದು ಸೇವಾ ವಲಯದ ಒಂದು ಉದ್ದಿಮೆಯಾಗಿದೆ. 2007ರಲ್ಲಿ ಜಪಾನಿನ ಕ್ಯೋಟೋದಲ್ಲಿ ಸ್ಕ್ರ್ಯಾಪ್ ಸಂಸ್ಥೆಯು ಇದನ್ನು ಆರಂಭಿಸಿತು. 2011ರಲ್ಲಿ ಬುಡಾಪೆಸ್ಟ್‌ನಲ್ಲಿ ಪ್ಯಾರಾಪಾರ್ಕ್ ತೆರೆದ ತರುವಾಯ ಯೂರೋಪಿನಲ್ಲಿ ಹಬ್ಬಿತು. ಬೆಂಗಳೂರಿನಲ್ಲಿಯೂ ಇಂತಹ ಕೇಂದ್ರಗಳಿವೆ.

ವ್ಯಾಪಾರದ ದೃಷ್ಟಿಯಿಂದ ಗಮನಾರ್ಹವಾದುದು ಇದರ ‘ಮಿಷನ್’ ಮಾದರಿ. ಬಾಂಬ್ ನಿಷ್ಕ್ರಿಯಗೊಳಿಸುವುದು, ಕಳುವಾದ ರಹಸ್ಯ ಕಡತವನ್ನು ಪತ್ತೆಹಚ್ಚುವುದು ಮುಂತಾದ ಗುರಿಯನ್ನು ಗ್ರಾಹಕನಿಗೆ ಒಂದೇ ವಾಕ್ಯದಲ್ಲಿ ತಿಳಿಸಬಹುದು. ಅರವತ್ತು ನಿಮಿಷಗಳ ಗಡುವಿಗೆ ಕಥೆಯಲ್ಲಿಯೇ ಕಾರಣ ದೊರೆಯುತ್ತದೆ. ತಂಡದವರು ಕೆಲಸವನ್ನು ಹಂಚಿಕೊಳ್ಳಲೇಬೇಕಾದುದರಿಂದ ಕಂಪನಿಗಳು ತಮ್ಮ ನೌಕರರನ್ನು ಕಳುಹಿಸುವುದುಂಟು. ವಾರದ ನಡುವಿನ ಖಾಲಿ ವೇಳೆಯನ್ನು ತುಂಬಲು ಇದು ಸಹಕಾರಿ.

ಆದರೆ ಹಲವೆಡೆ ಕಥೆಯು ಬಾಗಿಲಿನಲ್ಲಿಯೇ ನಿಂತುಬಿಡುತ್ತದೆ. ಒಳಗಿರುವುದು ಅಂಕಿ ಬೀಗಗಳ ಸಾಲು ಮಾತ್ರ. ಇದಕ್ಕಿಂತ ದೊಡ್ಡ ಕೊರತೆ ಲೆಕ್ಕಪುಸ್ತಕದಲ್ಲಿದೆ. ದೋಸೆ ಮೆಚ್ಚಿದವನು ನಾಳೆಯೂ ಹೋಟೆಲಿಗೆ ಬರುತ್ತಾನೆ. ಒಗಟು ಬಿಡಿಸಿದವನಿಗೆ ಅದೇ ಕೋಣೆಯಲ್ಲಿ ಮತ್ತೆ ಕೆಲಸವಿಲ್ಲ. ಆರು ಜನರ ಕೋಣೆಯೊಂದನ್ನು ಊಹಿಸಿಕೊಳ್ಳೋಣ. ಆಟಕ್ಕೆ 60 ನಿಮಿಷ, ಎಲ್ಲವನ್ನೂ ಮೊದಲಿನಂತೆ ಜೋಡಿಸಲು 20 ನಿಮಿಷವಾದರೆ, ಹತ್ತು ಗಂಟೆಗಳಲ್ಲಿ ಏಳು ಆಟ, ಅಂದರೆ ಹೆಚ್ಚೆಂದರೆ 42 ಟಿಕೆಟ್. ಇಬ್ಬರೇ ಬಂದರೂ ಬಾಡಿಗೆ ಮತ್ತು ಸಂಬಳ ಇಳಿಯುವುದಿಲ್ಲ. ಆದುದರಿಂದ ಬಂಡವಾಳ ಹೂಡುವವರು ಎರಡನೆಯ ಕಥೆಯ ವೆಚ್ಚವನ್ನು ಮೊದಲ ದಿನವೇ ತೆಗೆದಿರಿಸುವುದು ಲೇಸು.

ಸುರಕ್ಷತೆಯಲ್ಲಿ ಮಾತ್ರ ಯಾವ ಉಳಿತಾಯವೂ ಸಲ್ಲದು. 2019ರ ಜನವರಿ 4ರಂದು ಪೋಲೆಂಡಿನ ಕೊಶಾಲಿನ್ ಪಟ್ಟಣದ ಎಸ್ಕೇಪ್ ರೂಮ್‌ನಲ್ಲಿ ಬೆಂಕಿ ಬಿದ್ದು, ಹುಟ್ಟುಹಬ್ಬ ಆಚರಿಸಲು ಬಂದಿದ್ದ ಹದಿನೈದು ವರ್ಷದ ಐವರು ಬಾಲಕಿಯರು ಹೊರಬರಲಾಗದೆ ಮೃತಪಟ್ಟರು. ಬಳಿಕ ಆ ದೇಶದಾದ್ಯಂತ ತಪಾಸಣೆ ನಡೆದು ಹಲವು ಕೇಂದ್ರಗಳು ಮುಚ್ಚಲ್ಪಟ್ಟವು. ವಿದ್ಯುತ್ ಅಯಸ್ಕಾಂತದ ಬೀಗವು ವಿದ್ಯುತ್ ನಿಂತೊಡನೆ ತಾನಾಗಿ ತೆರೆದುಕೊಳ್ಳುತ್ತದೆ. ಅದನ್ನು ಯುಪಿಎಸ್‌ಗೆ ಜೋಡಿಸಿದರೆ ಈ ಗುಣವೇ ಇಲ್ಲವಾಗುತ್ತದೆ. ಒಳಗಿನಿಂದ ಒತ್ತಿ ತೆರೆಯಬಲ್ಲ ಗುಂಡಿಯಿರಬೇಕು. ಬೆಂಕಿ ಎಚ್ಚರಿಕೆಯ ಗಂಟೆ ಬಾರಿಸಿದಾಗ ಬೀಗದ ವಿದ್ಯುತ್ ಕಡಿತಗೊಳ್ಳಬೇಕು.

ಸಣ್ಣ ಕೈಗಾರಿಕೆಗಳಿಗೂ ಇಲ್ಲಿ ಅವಕಾಶವುಂಟು. ಗಡುವಿನ ಆತುರದಲ್ಲಿ ಆಟಗಾರರು ಡ್ರಾಯರುಗಳನ್ನು ಬಲವಾಗಿ ಎಳೆಯುತ್ತಾರೆ. ಬೀಗ, ಹಿಡಿಕೆ, ಕೀಲುಗಳು ಬೇಗನೆ ಸವೆಯುತ್ತವೆ. ದೂರದಿಂದ ತರಿಸಿದ ಬಿಡಿಭಾಗಕ್ಕಾಗಿ ವಾರವಿಡೀ ಕೋಣೆ ಮುಚ್ಚುವುದಕ್ಕಿಂತ, ಅದೇ ಸಂಜೆ ಬಂದು ಸರಿಪಡಿಸುವ ಊರಿನ ಮರಗೆಲಸದವರು ಮತ್ತು ಫ್ಯಾಬ್ರಿಕೇಷನ್ ಘಟಕದವರೊಡನೆ ವಾರ್ಷಿಕ ಒಪ್ಪಂದ ಮಾಡಿಕೊಳ್ಳುವುದು ಮಾಲೀಕರಿಗೆ ಅಗ್ಗವಾದೀತು.